ಉದ್ದ ಕೂದಲಿಗೆ ಯಾವ ಕರ್ಲಿಂಗ್ ಐರನ್? 25 ಮಿ.ಮೀ. ಕ್ಲಿಪ್ ಮಾದರಿಗೇ ನಮ್ಮ ಮತ

ಸೊಂಟದವರೆಗೆ ಕೂದಲಿರುವವರು ಕರ್ಲಿಂಗ್ ಐರನ್ ಕೊಳ್ಳುವಾಗ ಬ್ರ್ಯಾಂಡಿಗಿಂತ ಮೊದಲು, ಕೂದಲು ಸುತ್ತುವ ಬಿಸಿ ಕೊಳವೆಯಾದ ಬ್ಯಾರೆಲ್‌ನ ದಪ್ಪ ನೋಡಬೇಕು. ಸಾಮಾನ್ಯವಾಗಿ ಸಿಗುವ 19, 25, 32 ಮಿ.ಮೀ. ಅಳತೆಗಳಲ್ಲಿ ನಾವು ಹೇಳುವುದು ಕೂದಲನ್ನು ಒತ್ತಿ ಹಿಡಿಯುವ ಕ್ಲಿಪ್ ಇರುವ 25ರ ಸೆರಾಮಿಕ್ ಮಾದರಿಯನ್ನು. 32ರಲ್ಲಿ ದೊಡ್ಡ ಅಲೆ ಚೆಂದವಾಗಿ ಬರುತ್ತದೆ ನಿಜ. ಆದರೆ ಕೂದಲಿನ ಭಾರಕ್ಕೇ ಅದು ಜಗ್ಗಿ, ಆರತಕ್ಷತೆಯ ಊಟದ ಹೊತ್ತಿಗೆ ತುದಿಯಲ್ಲಷ್ಟೇ ಒಂದಿಷ್ಟು ಬಾಗು ಉಳಿದಿರುತ್ತದೆ. 19ರ ಸುರುಳಿ ಗಟ್ಟಿ, ಆದರೆ ತಲೆಪೂರ್ತಿ ಮುಗಿಸುವಷ್ಟರಲ್ಲಿ ತೋಳು ಸೋತುಹೋಗುತ್ತದೆ.

ಬ್ಯಾರೆಲ್ ಉದ್ದವಾಗಿಯೂ ಇರಲಿ. ಗಿಡ್ಡದಾದರೆ ಸುತ್ತಿನ ಮೇಲೆ ಸುತ್ತು ಕೂತು ಒಳಗಿನ ಕೂದಲು ಸುಡುತ್ತದೆ, ಹೊರಗಿನದಕ್ಕೆ ಬಿಸಿಯೇ ತಾಗುವುದಿಲ್ಲ.

ಬರೀ ಆನ್–ಆಫ್ ಸ್ವಿಚ್ ಇರುವ ಅಗ್ಗದ ಮಾದರಿಗಳು ಬೇಡವೇ ಬೇಡ. ಶಾಖ ಎಷ್ಟಿದೆ ಎಂದೇ ಅವು ಹೇಳುವುದಿಲ್ಲ. ತೆಳು ಕೂದಲಿಗೆ, ಬಣ್ಣ ಹಾಕಿದ ಕೂದಲಿಗೆ 150–160 ಡಿಗ್ರಿ ಸೆಲ್ಸಿಯಸ್ ಸಾಕು. ಸಾಧಾರಣ ಕೂದಲಿಗೆ 170–180, ದಟ್ಟ ಒರಟು ಕೂದಲಿಗೆ 190. ಅದಕ್ಕೂ ಮೇಲೆ ಹೋದರೆ ಸುರುಳಿ ಹೆಚ್ಚೇನೂ ನಿಲ್ಲುವುದಿಲ್ಲ, ಕೂದಲು ಮಾತ್ರ ಒರಟಾಗುತ್ತದೆ.

ಎಷ್ಟು ಒಳ್ಳೆಯ ಐರನ್ ಆದರೂ ಕೂದಲು ತಯಾರಿಲ್ಲದಿದ್ದರೆ ವ್ಯರ್ಥ. ಎಣ್ಣೆ ಹಚ್ಚಿದ ತಲೆಗೆ ಬಿಸಿ ತಾಗಿಸಲೇಬೇಡಿ: ಹೊಗೆಯೇಳುತ್ತದೆ, ಬ್ಯಾರೆಲ್‌ಗೂ ಜಿಡ್ಡು ಹತ್ತುತ್ತದೆ. ಒದ್ದೆ ಕೂದಲಾದರೆ ಒಳಗಿನ ನೀರು ಆವಿಯಾಗಿ ಎಳೆಯನ್ನೇ ಸೀಳಬಹುದು. ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಪೂರ್ತಿ ಒಣಗಿಸಿ, ಶಾಖದಿಂದ ಕೂದಲನ್ನು ಕಾಯುವ ಹೀಟ್ ಪ್ರೊಟೆಕ್ಟೆಂಟ್ ಸ್ಪ್ರೇ ಹಾಕಿ, ಅದೂ ಆರಿದ ಮೇಲೆ ಶುರುಮಾಡಿ.

ಎರಡು ಸೆಂಟಿಮೀಟರ್ ಅಗಲದ ಎಳೆ ತೆಗೆದುಕೊಳ್ಳಿ, ದಪ್ಪ ಬೇಡ. ಹೆಚ್ಚಿನವರು ಕ್ಲಿಪ್ಪನ್ನು ತುದಿಗೆ ಕಚ್ಚಿಸಿ ಮೇಲಕ್ಕೆ ಸುತ್ತುತ್ತಾರೆ. ಉದ್ದ ಕೂದಲಿನಲ್ಲಿ ಇದರಿಂದ ತುದಿಗೆ ಮಡಿಕೆ ಬಿದ್ದು ಬುಡದ ಕಡೆ ಸುರುಳಿಯೇ ಬರುವುದಿಲ್ಲ. ನಡುವೆ ಕಚ್ಚಿಸಿ, ಕ್ಲಿಪ್ಪನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಐರನ್ ತಿರುಗಿಸಿ, ತುದಿಯನ್ನು ಕೊನೆಗೆ ಒಳಗೆಳೆದುಕೊಳ್ಳಿ. ಹೀಗೆ ತಿರುಗಿಸಲು ವೈರ್ ಬುಡದಲ್ಲಿ ತಿರುಗುವಂತಿರಬೇಕು, ಇಲ್ಲವಾದರೆ ಹುರಿಗೊಳ್ಳುತ್ತದೆ. ಎಂಟು–ಹತ್ತು ಸೆಕೆಂಡ್ ಹಿಡಿದರೆ ಸಾಕು. ಬಿಟ್ಟ ತಕ್ಷಣ ಸುರುಳಿಯನ್ನು ಅಂಗೈಯಲ್ಲಿ ಹಿಡಿದು, ಸುತ್ತಿದಂತೆಯೇ ತಲೆಗೆ ಪಿನ್ ಮಾಡಿ. ಕೂದಲು ಆಕಾರ ಹಿಡಿಯುವುದು ತಣಿಯುವಾಗ. ಬಿಸಿಯಿರುವಾಗಲೇ ಬಾಚಿದರೆ ಅಷ್ಟೂ ಶ್ರಮ ನೀರುಪಾಲು. ಹೇರ್ ಸ್ಪ್ರೇ ಹಾಕುವುದೂ ಸುರುಳಿ ತಣಿದ ಮೇಲೆಯೇ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಗಾಳಿಯ ತೇವಕ್ಕೇ ಸುರುಳಿ ಬಿಚ್ಚಿಕೊಳ್ಳುವುದರಿಂದ ಅಲ್ಲಿನವರು ಬೇಕಾದ್ದಕ್ಕಿಂತ ತುಸು ಬಿಗಿಯಾಗಿಯೇ ಸುತ್ತಿಕೊಳ್ಳಲಿ. ಮಲ್ಲಿಗೆ ಮುಡಿಯುವುದಿದ್ದರೆ ಪೂರ್ತಿ ತಣಿದ ಮೇಲೆ.

ಕ್ಲಿಪ್ ಇಲ್ಲದ ವಾಂಡ್‌ನಲ್ಲಿ ಮಡಿಕೆಯ ಕಾಟವಿಲ್ಲ. ಆದರೆ ಬೆನ್ನ ಹಿಂದಿನ ಉದ್ದ ಕೂದಲನ್ನು ಕಾಣದೆ ಸುತ್ತುವಾಗ ಬೆರಳು ಸುಡುತ್ತದೆ, ಕೈಗವಸು ಬೇಕೇ ಬೇಕು.

ಬ್ಯಾರೆಲ್ ಒರೆಸುವುದು ಪ್ಲಗ್ ತೆಗೆದು ತಣಿದ ಮೇಲೆ, ಒದ್ದೆ ಬಟ್ಟೆಯಲ್ಲಿ. ಕೆರೆಯಬೇಡಿ, ಲೇಪನ ಎದ್ದ ಕಡೆ ಕೂದಲು ಸಿಕ್ಕಿ ಹರಿಯುತ್ತದೆ.

ಅಮೆರಿಕಕ್ಕೆ ಒಯ್ಯುವವರು ಹಿಡಿಯ ಮೇಲೆ 100–240 ವೋಲ್ಟ್ ಎಂದಿದೆಯೇ ನೋಡಿ. 220–240 ಎಂದಷ್ಟೇ ಇದ್ದರೆ ಅಲ್ಲಿನ 120 ವೋಲ್ಟ್‌ಗೆ ಅದು ಸರಿಯಾಗಿ ಕಾಯುವುದಿಲ್ಲ. ಅಲ್ಲಿಂದ ತಂದ 120 ವೋಲ್ಟ್‌ನದನ್ನು ಇಲ್ಲಿ ಹಾಕಿದರೆ ಸುಟ್ಟೇ ಹೋಗುತ್ತದೆ.