ಒಲಿಂಪಸ್ ಪೆನ್ ಇಇ-3: ಸಂಜೆಯಾದರೆ ಹಟ ಹಿಡಿಯುವ ಕ್ಯಾಮೆರಾ

ಈ ಕ್ಯಾಮೆರಾದ ಮೇಲೆ ನನಗಿರುವ ಸಿಟ್ಟು ಒಂದೇ. ಸಂಜೆ ಬೆಳಕು ಹದವಾಗಿ ಬಂತು ಅನ್ನುವ ಹೊತ್ತಿಗೆ ಬಟನ್ ಒತ್ತಿದರೆ ವ್ಯೂಫೈಂಡರಿನೊಳಗೆ ಕೆಂಪು ಪಟ್ಟಿಯೊಂದು ಎದ್ದು ನಿಲ್ಲುತ್ತದೆ. ಬೆಳಕು ಸಾಲದು ಎಂದರ್ಥ, ಶಟರ್ ಬೀಳುವುದೇ ಇಲ್ಲ. ಮನೆಯೊಳಗೆ ಕಿಟಕಿಯಿಂದ ಸ್ವಲ್ಪ ದೂರ ಸರಿದರೂ ಇದೇ ಪಾಡು.

ಆದರೂ ಕೈಬಿಟ್ಟಿಲ್ಲ. ಮೊದಲ ಕಾರಣ ದುಡ್ಡು. ಫಿಲ್ಮ್ ಬೆಲೆ ಈಗ ಎಲ್ಲಿಗೇರಿದೆ ಎಂದು ನಿಮಗೂ ಗೊತ್ತು. ಇದು ಹಾಫ್ ಫ್ರೇಮ್, ಅಂದರೆ ಒಂದು ಚಿತ್ರದ ಜಾಗದಲ್ಲಿ ಎರಡು ಹಿಡಿಯುತ್ತದೆ, 36ರ ರೋಲಿನಲ್ಲಿ 72 ಚಿತ್ರ. ನಾನು ಕೊಡುವ ಲ್ಯಾಬಿನವರು ಎರಡೆರಡು ಫ್ರೇಮ್ ಸೇರಿಸಿಯೇ ಸ್ಕ್ಯಾನ್ ಮಾಡುತ್ತಾರೆ, ಬೇರ್ಪಡಿಸುವ ಕೆಲಸ ನನ್ನದು.

ಇನ್ನೊಂದು ಕಾರಣ ಫಿಲ್ಮ್ ಮುಂದೆ ಸರಿಸುವ ಹಿಂಬದಿಯ ಪುಟ್ಟ ಚಕ್ರ. ಚಿತ್ರ ತೆಗೆದ ಕೂಡಲೇ ಹೆಬ್ಬೆರಳಿನಿಂದ ಕರ್ ಕರ್ ಎಂದು ತಿರುಗಿಸುತ್ತೇನೆ, ತಾನಾಗಿ ಬಿಗಿದು ನಿಲ್ಲುತ್ತದೆ. ನಡೆಯುತ್ತಲೇ, ಜೇಬಿನೊಳಗೇ ಮುಗಿಯುವ ಕೆಲಸ. ಲಿವರ್ ಇಲ್ಲದಿರುವುದಕ್ಕೆ ಹಿನ್ನೆಲೆಯಿದೆ. 1956ರಲ್ಲಿ ಒಲಿಂಪಸ್ ಸೇರಿದ ಕ್ಯಾಮೆರಾ ವಿನ್ಯಾಸಕ ಯೋಶಿಹಿಸಾ ಮೈತಾನಿ, ತಮ್ಮ ಮೊದಲ ಕ್ಯಾಮೆರಾ ಪೆನ್ 6,000 ಯೆನ್‌ಗೆ ಸಿಗಬೇಕೆಂದು ಹೊರಟವರು. ಅದು ಬಂದದ್ದು 1959ರಲ್ಲಿ. ನಾಲ್ಕು ಗಾಜಿನ ಒಳ್ಳೆಯ ಲೆನ್ಸಿನ ವಿಷಯದಲ್ಲಿ ಅವರು ಬಗ್ಗಲಿಲ್ಲ, ಖರ್ಚು ಉಳಿಸಿದ್ದೆಲ್ಲ ಬೇರೆ ಕಡೆ. ಚಕ್ರ ಹಾಗೆ ಬಂತು.

ಕೆಂಪು ಪಟ್ಟಿಯೂ ಅವರದೇ. ನನ್ನ ಇಇ-3ಕ್ಕೆ ಮೂಲವಾದ 1961ರ ಪೆನ್ ಇಇಯಲ್ಲಿ ಫೋಕಸ್ ಮಾಡುವುದಿಲ್ಲ, ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಲೆಕ್ಕವಿಲ್ಲ, ಬ್ಯಾಟರಿಯೂ ಬೇಡ. ಲೆನ್ಸಿನ ಸುತ್ತಲಿನ ಸೆಲೆನಿಯಮ್ ಕೋಶ, ಬೆಳಕು ಅಳೆಯುವ ಭಾಗ, ಬೀಳುವ ಬೆಳಕಿನಿಂದಲೇ ವಿದ್ಯುತ್ ಮಾಡಿಕೊಳ್ಳುತ್ತದೆ. ಏನೂ ಗೊತ್ತಿಲ್ಲದವರು ಒತ್ತಿದರೂ ಚಿತ್ರ ಬರಬೇಕು, ಬರುವಂತಿಲ್ಲದಿದ್ದರೆ ಫಿಲ್ಮ್ ಹಾಳಾಗಬಾರದು. ಕೆಂಪು ಪಟ್ಟಿ ತಡೆಯುವುದು ಅದಕ್ಕೇ. ಕ್ಯಾಮೆರಾ ಮುಟ್ಟಿಯೇ ಇರದ ನಮ್ಮಮ್ಮ ತೆಗೆದ ರೋಲು ತೊಳೆದು ಬಂದಾಗ ಒಂದೂ ಕಪ್ಪು ಫ್ರೇಮ್ ಇರಲಿಲ್ಲ. ನನ್ನ ಸಿಟ್ಟು ಅರ್ಧ ಇಳಿದದ್ದು ಅಲ್ಲೇ. ಮೈತಾನಿಯವರು ಮುಂದೆ ಓಎಂ-1, ಎಕ್ಸ್‌ಎ ಕ್ಯಾಮೆರಾಗಳನ್ನು ಮಾಡಿದರು, 2009ರಲ್ಲಿ ತೀರಿಕೊಂಡರು. ಫೋಟೋ ಬಲ್ಲವರು ಓಎಂ-1 ಅನ್ನು ಕೊಂಡಾಡುತ್ತಾರೆ. ಕ್ಯಾಮೆರಾ ಗೊತ್ತಿಲ್ಲದವರ ಕೈಗೆ ಕೊಡಬಹುದಾದ ಇದೇ ನನಗೆ ಹೆಚ್ಚು.

ಉಳಿದರ್ಧ ಸಿಟ್ಟಿಗೆ ಮದ್ದಿದೆ. ಲೆನ್ಸಿನ ರಿಂಗನ್ನು ‘ಎ’ಯಿಂದ (ಆಟೋ) ತೆಗೆದು 3.5ಕ್ಕಿಡಿ, ಕಿಂಡಿ ಪೂರ್ತಿ ತೆರೆಯುವ ಅಂಕಿ ಅದು. ಪಟ್ಟಿ ಅಡ್ಡ ಬರುವುದಿಲ್ಲ, ಶಟರ್ 1/40 ಸೆಕೆಂಡಿಗೆ ನಿಲ್ಲುತ್ತದೆ. ಕೈ ಅಲುಗದಿರಲಿ.

ಹಳೆಯದನ್ನು ಕೊಳ್ಳುವವರು ರಿಂಗ್ ‘ಎ’ಯಲ್ಲಿಟ್ಟು ಲೆನ್ಸನ್ನು ಅಂಗೈಯಿಂದ ಮುಚ್ಚಿ ಒತ್ತಿ ನೋಡಿ, ಕೆಂಪು ಏಳಬೇಕು. ಬಿಸಿಲಿಗೆ ಹಿಡಿದರೂ ಎದ್ದರೆ ಸೆಲೆನಿಯಮ್ ಸತ್ತಿರುವ ಸಾಧ್ಯತೆಯೇ ಹೆಚ್ಚು. ಎಷ್ಟು ಅಗ್ಗಕ್ಕೆ ಕೊಟ್ಟರೂ ಅದು ಬೇಡ.