ಆಯಿಲ್ ಪೇಂಟಿಂಗ್ ಅಂತ ಪ್ರಿಂಟ್ ಮಾರುತ್ತಿದ್ದಾರೆ, ಹುಷಾರು

ಹೊಸ ಮನೆಯ ಹಾಲ್‌ಗೆ ಒಂದು ಚಿತ್ರ ಬೇಕು ಅಂತ ಇಂದಿರಾನಗರದ ಒಂದು ಅಂಗಡಿಗೆ ಹೋಗಿದ್ದೆವು. ಮೂರಡಿ ಅಗಲದ ಅಮೂರ್ತ ಚಿತ್ರವೊಂದು ಕಣ್ಣಿಗೆ ಬಿತ್ತು. ತುಂಬಾ ನೀಲಿ, ನಡುವೆ ಅರಿಶಿನ ಬಣ್ಣದ ಒಂದು ಗೀರು. ಆಕಾರ ಅಂತ ಏನೂ ಇಲ್ಲ, ಆದರೂ ಮಳೆ ನಿಂತ ಮೇಲಿನ ಬಿಸಿಲು ನೋಡಿದ ಹಾಗಾಯಿತು. "ಹಿರಿಯ ಕಲಾವಿದರದ್ದು ಸರ್, ಪ್ಯೂರ್ ಆಯಿಲ್. ಹೋದ ವಾರ ಮುಗಿಸಿ ಕೊಟ್ಟರು" ಎಂದರು ಅಂಗಡಿಯವರು. ಮೂಲೆಯಲ್ಲಿ ಸಹಿ ಇತ್ತು, ಜೊತೆಗೆ ಒಂದು ಸರ್ಟಿಫಿಕೇಟ್. 38,000 ರೂಪಾಯಿ ಕೊಟ್ಟು ತಂದೆ.

ಐದು ತಿಂಗಳಾದ ಮೇಲೆ ಧೂಳು ಒರೆಸುವಾಗ ಅಂಚಿನಲ್ಲಿ ಪೊರೆ ಎದ್ದಿತ್ತು. ಉಗುರಿನಲ್ಲಿ ಎಳೆದರೆ ಈರುಳ್ಳಿ ಸಿಪ್ಪೆಯ ಹಾಗೆ ಬಂತು. ಅದರಲ್ಲಿ ಬಣ್ಣವೇ ಇಲ್ಲ! ಬ್ರಷ್ ಎಳೆದ ಗೆರೆಗಳೆಲ್ಲ ಆ ಪೊರೆಯಲ್ಲಿದ್ದವು, ಕೆಳಗೆ ಸಪಾಟು ಕ್ಯಾನ್ವಾಸ್. ಭೂತಗನ್ನಡಿ ಹಿಡಿದೆ. ಎಲ್ಲ ಕಡೆ ಸಣ್ಣ ಸಣ್ಣ ಚುಕ್ಕಿ. ಪ್ರಿಂಟ್ ಹೊಡೆದು ಮೇಲೆ ಜೆಲ್ ಬಳಿದಿದ್ದರು.

ಸಹಿ ತೋರಿಸುತ್ತಾ ಅವರಿವರನ್ನು ಕೇಳಿ, ಕೊನೆಗೆ ಆ ಕಲಾವಿದರ ಮನೆಗೇ ಹೋದೆ. ಎಪ್ಪತ್ತು ದಾಟಿದವರು. ಚಿತ್ರವನ್ನು ಬಹಳ ಹೊತ್ತು ನೋಡಿ, "ಇದು ನನ್ನದೇ ಚಿತ್ರದ ಫೋಟೋ ಕಣಪ್ಪಾ" ಎಂದರು. ಮೂಲ ಚಿತ್ರವನ್ನು ಅವರು ಕುಮಾರಕೃಪ ರಸ್ತೆಯ ಚಿತ್ರಸಂತೆಯಲ್ಲಿ ಎಷ್ಟೋ ವರ್ಷದ ಹಿಂದೆಯೇ ಮಾರಿದ್ದರು. ಈ ಪ್ರಿಂಟ್ ವಿಷಯ ಅವರಿಗೆ ಗೊತ್ತೇ ಇಲ್ಲ, ಒಂದು ರೂಪಾಯಿಯೂ ಸಿಕ್ಕಿಲ್ಲ. ನನ್ನ ದುಡ್ಡು ಹೋದದ್ದಕ್ಕಿಂತ ಅವರ ಮುಖ ನೋಡಿ ಜಾಸ್ತಿ ಸಂಕಟವಾಯಿತು.

ಆಮೇಲೆ ಅವರು ತಿಂಗಳ ಹಿಂದೆ ಮುಗಿಸಿದ ಒಂದು ಚಿತ್ರ ತಂದು, ಬಣ್ಣ ದಪ್ಪಗಿರುವ ಕಡೆ ಉಗುರು ಒತ್ತಿ ತೋರಿಸಿದರು. ಗುರುತು ಮೂಡಿತು. ಕೋಣೆ ತುಂಬ ಅಗಸೆ ಎಣ್ಣೆಯ ವಾಸನೆ. ಈ ಬಣ್ಣ ನೀರಿನ ಹಾಗೆ ಆರಿಹೋಗುವುದಿಲ್ಲ, ಎಣ್ಣೆ ಗಾಳಿಯ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತದೆ. ದಪ್ಪ ಬಳಿದಿದ್ದರೆ ಒಳಗಿನವರೆಗೆ ಒಣಗಲು ಆರು ತಿಂಗಳು, ಒಂದು ವರ್ಷವೂ ಹಿಡಿಯಬಹುದು. ನನ್ನ "ಹೋದ ವಾರದ" ಚಿತ್ರ ತಂದ ದಿನವೇ ಕಟ್ಟಿಗೆಯ ಹಾಗೆ ಒಣಗಿತ್ತು, ವಾಸನೆಯೂ ಇರಲಿಲ್ಲ. ಅವತ್ತೇ ಅನುಮಾನ ಬರಬೇಕಿತ್ತು, ಅಲ್ವಾ?

ಕೊಳ್ಳುವ ಮುಂಚೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಬ್ರಷ್ ಗೆರೆ ಒಂದು ಕಡೆ, ಬಣ್ಣ ಬದಲಾಗುವುದು ಇನ್ನೊಂದು ಕಡೆ ಇದ್ದರೆ ಅದು ಪ್ರಿಂಟೇ. ಕಲಾವಿದರು ಬದುಕಿದ್ದರೆ ಅವರಿಗೇ ಫೋನ್ ಮಾಡಿಸಿ. ಸರ್ಟಿಫಿಕೇಟನ್ನು ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಅದನ್ನು ನಂಬಬೇಡಿ. ಬಿಲ್ ಮಾತ್ರ ಓದಿ. ನನ್ನದರಲ್ಲಿ ಬರೀ "ವಾಲ್ ಡೆಕೋರ್", ಅಂದರೆ ಗೋಡೆ ಅಲಂಕಾರದ ವಸ್ತು ಅಂತ ಇತ್ತು, ಅಂಗಡಿಯವರು ಈಗ ಅದನ್ನೇ ಹಿಡಿದು ವಾದಿಸುತ್ತಿದ್ದಾರೆ. "ಕ್ಯಾನ್ವಾಸ್ ಮೇಲೆ ತೈಲವರ್ಣ, ಮೂಲ ಚಿತ್ರ" ಅಂತ ಕಲಾವಿದರ ಹೆಸರಿನ ಜೊತೆ ಬರೆಸಿಕೊಳ್ಳಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಚಿತ್ರ ಮಾರಿದರೂ, ಬರೆದುಕೊಡದ ಹೊರತು ಅದರ ಕಾಪಿರೈಟ್ ಕಲಾವಿದರದ್ದೇ. ಹಾಗಾಗಿ ಅವರೂ ಬೇರೆ ದೂರು ಕೊಡುತ್ತಿದ್ದಾರೆ. ನೀಲಿ ಚಿತ್ರ, ಅರಿಶಿನ ಗೀರು, ಕೆಳಗೆ ಬಲಕ್ಕೆ ಕಡಲೆ ಗಾತ್ರದ ಕೆಂಪು ಚುಕ್ಕೆ. ಇದೇ ಚಿತ್ರ ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ತಿಳಿಸಿ, ಬಿಲ್ ಎಸೆಯಬೇಡಿ.