ಎಸ್.ಎಸ್. ಪುರಂನ ಮಹಡಿ ಮೇಲಿನ ಲ್ಯಾಬು, ಸಿಬಿಸಿ ರಿಪೋರ್ಟಿನ ಒಂದು ಸಾಲು

ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಂದು ಮೆಡಿಕಲ್ ಸ್ಟೋರ್ ಮೇಲೆ ಚಿಕ್ಕ ರಕ್ತ ಪರೀಕ್ಷೆ ಲ್ಯಾಬ್ ಇದೆ. ಹೆಸರು ಬರೆಯಬೇಡಿ ಅಂತ ಲ್ಯಾಬ್ ಮೇಡಂ ಹೇಳಿದ್ದಾರೆ, ಅದಕ್ಕೆ ಬರೆಯುತ್ತಿಲ್ಲ. 2021ರಿಂದ ನಮ್ಮ ಮನೆಯವರೆಲ್ಲ ಹೋಗುವುದು ಅಲ್ಲಿಗೇ.

ಮೊದಲ ಸಲ ಹೋಗಿದ್ದು ಆ ವರ್ಷದ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯ ಹೊತ್ತಿಗೆ. ಅಮ್ಮನಿಗೆ 68 ವರ್ಷ. ಪಾಸಿಟಿವ್ ಬಂದಿತ್ತು, ಜ್ವರ ಬಂದು ನಾಲ್ಕು ದಿನವಾಗಿತ್ತು. ಅದಕ್ಕೂ ಮುಂಚೆ ಬೇರೆ ಒಂದು ಕಡೆ ಸಿಬಿಸಿ, ಅಂದರೆ ರಕ್ತದ ಕಣಗಳನ್ನೆಲ್ಲ ಎಣಿಸುವ ಪರೀಕ್ಷೆ, ಮಾಡಿಸಿದ್ದೆವು. ಅವರು ಕೊಟ್ಟಿದ್ದು ಅರ್ಧ ಹಾಳೆ. ಹಿಮೋಗ್ಲೋಬಿನ್, ಬಿಳಿ ಕಣ, ಪ್ಲೇಟ್ಲೆಟ್, ಅಷ್ಟೇ. ಮಿಷನ್ನು ಮಿಕ್ಕಿದ್ದನ್ನೂ ಲೆಕ್ಕ ಹಾಕಿಯೇ ಇರುತ್ತದೆ, ಪ್ರಿಂಟ್ ತೆಗೆಯುವಾಗ ಬಿಟ್ಟುಬಿಡುತ್ತಾರೆ. ದುಡ್ಡು ಮಾತ್ರ ಪೂರ್ತಿ. ನಮ್ಮ ಡಾಕ್ಟರು ಅದನ್ನು ನೋಡಿ, 'ಕೆಂಪು ಕಣದ ವಿವರ ಎಲ್ಲಿ? ಪೂರ್ತಿ ರಿಪೋರ್ಟ್ ಬೇಕು' ಅಂದರು.

ಈ ಲ್ಯಾಬಿಗೆ ಲಿಫ್ಟ್ ಇಲ್ಲ. ಅಮ್ಮ ನಾಲ್ಕು ಮೆಟ್ಟಿಲಿಗೇ ಏದುಸಿರು ಬಿಡುತ್ತಿದ್ದರು. ಮೇಡಂ ಪಿಪಿಇ ಕಿಟ್ಟಿನಲ್ಲೇ ಕೆಳಗಿಳಿದು ಬಂದರು. ಅಮ್ಮ ಆಟೋದಲ್ಲೇ ಕೂತಿದ್ದರು. 'ಅಮ್ಮಾ, ಮುಷ್ಟಿ ಬಿಗಿ ಹಿಡೀರಿ, ಆಯ್ತು ಆಯ್ತು' ಅನ್ನುತ್ತಾ ಒಂದೇ ಸಲಕ್ಕೆ ನರ ಹಿಡಿದರು. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ತುಂಬಿ, ಮೆಲ್ಲಗೆ ಮೇಲೆ ಕೆಳಗೆ ಎಂಟು ಹತ್ತು ಸಲ ತಿರುಗಿಸಿದರು. ಕುಲುಕಲಿಲ್ಲ. ಕುಲುಕಿದರೆ ಕಣ ಒಡೆಯುತ್ತವಂತೆ, ಬೆರೆಸದೇ ಬಿಟ್ಟರೆ ರಕ್ತ ಹೆಪ್ಪುಗಟ್ಟುತ್ತದಂತೆ. ಅಲ್ಲೇ ನಿಂತು ಟ್ಯೂಬ್ ಮೇಲೆ ಹೆಸರು, ಟೈಮು ಬರೆದರು. ಗ್ಲೌಸ್ ಒಳಗೆ ಅವರ ಕೈಯೆಲ್ಲ ಬೆವರಿ ಒದ್ದೆಯಾಗಿದ್ದು ಹೊರಗಿನಿಂದಲೇ ಕಾಣುತ್ತಿತ್ತು. ಅದನ್ನು ನಾನು ಮರೆಯುವುದಿಲ್ಲ.

ರಿಪೋರ್ಟ್ ಕೊಡುವಾಗ ಒಂದು ಸಾಲಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಆರ್‌ಡಿಡಬ್ಲ್ಯು, 15.2. 'ಅಣ್ಣ, ಇವರ ಹಳೇ ರಿಪೋರ್ಟ್ ಇದ್ಯಾ?' ಅಂತ ಕೇಳಿದರು. ಜನವರಿಯದ್ದು ಮನೆಯಲ್ಲಿತ್ತು, ಅದರಲ್ಲಿ 13.6. ಹಿಮೋಗ್ಲೋಬಿನ್ ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ.

ಆರ್‌ಡಿಡಬ್ಲ್ಯು ಅಂದರೆ ಏನು ಅಂತ ಕೇಳಿದೆ. ನಾನು ತೆಂಗಿನಕಾಯಿ ವ್ಯಾಪಾರದವನು, ಅವರು ಹೇಳಿದ್ದು ತಕ್ಷಣ ಹತ್ತಿತು. ಕೆಂಪು ಕಣಗಳನ್ನು ಕಾಯಿ ರಾಶಿ ಅಂದುಕೊಳ್ಳಿ. ರಾಶಿಯಲ್ಲಿ ಕಾಯಿಯ ಸರಾಸರಿ ಗಾತ್ರ ಎಷ್ಟು ಅನ್ನುವುದು ರಿಪೋರ್ಟಿನ ಎಂಸಿವಿ ಸಾಲು. ರಾಶಿ ಒಂದೇ ಸಮ ಇದೆಯಾ, ದಪ್ಪ ಕಾಯಿ ಸಣ್ಣ ಕಾಯಿ ಬೆರೆತಿವೆಯಾ ಅನ್ನುವುದು ಆರ್‌ಡಿಡಬ್ಲ್ಯು. ಸರಾಸರಿ ಸರಿಯಾಗಿದ್ದೂ ರಾಶಿ ಬೆರಕೆಯಾಗಿರಬಹುದು, ಅಲ್ವಾ? ಈ ಆರ್‌ಡಿಡಬ್ಲ್ಯು ಸಾಮಾನ್ಯವಾಗಿ ಶೇಕಡಾ 11.5ರಿಂದ 14.5ರ ಒಳಗೆ ಇರಬೇಕು.

ಆಮೇಲೆ ನಾನೂ ಓದಿಕೊಂಡೆ. ಅಮೆರಿಕದ ಬಾಸ್ಟನ್ ಸುತ್ತಲಿನ ನಾಲ್ಕು ಆಸ್ಪತ್ರೆಗಳಲ್ಲಿ 2020ರ ಮಾರ್ಚ್, ಏಪ್ರಿಲ್‌ನಲ್ಲಿ ಕೊರೊನಾದಿಂದ ಸೇರಿದ್ದ 1,641 ಜನರ ಲೆಕ್ಕ ತೆಗೆದಿದ್ದಾರೆ. ಸೇರುವಾಗ ಈ ಅಂಕಿ 14.5 ದಾಟಿದ್ದವರಲ್ಲಿ ನೂರಕ್ಕೆ 31 ಮಂದಿ ತೀರಿಕೊಂಡಿದ್ದರು. ಮಿಕ್ಕವರಲ್ಲಿ ನೂರಕ್ಕೆ 11. ಆಸ್ಪತ್ರೆಯಲ್ಲಿದ್ದಾಗ ಅಂಕಿ ಏರಿದವರಿಗೂ ಅಪಾಯ ಜಾಸ್ತಿ ಇತ್ತು. ಕಾಯಿಲೆ ಜೋರಾದಾಗ ಮೈ ಬಿಳಿ ಕಣ, ಪ್ಲೇಟ್ಲೆಟ್ ಮಾಡುವುದರಲ್ಲೇ ಮುಳುಗಿ ಹೊಸ ಕೆಂಪು ಕಣ ಮಾಡುವುದು ನಿಧಾನವಾಗುತ್ತದೆ, ಸಣ್ಣಗಾದ ಹಳೇ ಕಣಗಳೇ ಉಳಿಯುತ್ತವೆ ಅನ್ನುವುದು ಸಂಶೋಧಕರ ಊಹೆ.

ಅವತ್ತು ಲ್ಯಾಬಿನಲ್ಲಿ ಆ 15.2 ನೋಡಿಯೇ ನನಗೆ ಕೈಕಾಲು ನಡುಗಿತ್ತು. ಮೇಡಂ ಅಲ್ಲೇ ತಡೆದರು. 'ಹೆದರಬೇಡಿ ಅಣ್ಣ. ಕಬ್ಬಿಣದ ಅಂಶ ಕಮ್ಮಿ ಆದ್ರೂ ಇದು ಏರುತ್ತೆ, ಬಿ12 ಕಮ್ಮಿ ಆದ್ರೂ ಏರುತ್ತೆ. ಇದೊಂದನ್ನೇ ಹಿಡ್ಕೊಂಡು ಏನೂ ಹೇಳೋಕಾಗಲ್ಲ. ಡಾಕ್ಟರಿಗೆ ಎರಡೂ ರಿಪೋರ್ಟ್ ತೋರಿಸಿ' ಅಂದರು. ಈ ಮಾತಿಗಾಗಿಯೇ ನಾನು ಈ ಲ್ಯಾಬನ್ನು ಮೆಚ್ಚುತ್ತೇನೆ. ಆ ದಿನಗಳಲ್ಲಿ ಹೆದರಿಸುವವರು ಬೇಕಾದಷ್ಟು ಜನ ಇದ್ದರು. ಡಾಕ್ಟರು ಆಕ್ಸಿಜನ್ 93, ಸಿಆರ್‌ಪಿ (ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ), ವಯಸ್ಸು, ಈ ಆರ್‌ಡಿಡಬ್ಲ್ಯು, ಎಲ್ಲ ಸೇರಿಸಿ ನೋಡಿ, ನಾಳೆಗೆ ಕಾಯುವುದು ಬೇಡ ಅಂತ ಅವತ್ತೇ ಅಡ್ಮಿಟ್ ಮಾಡಿಸಿದರು. ಒಂಬತ್ತನೇ ದಿನ ಅಮ್ಮ ಮನೆಗೆ ಬಂದರು.

ಆರ್‌ಡಿಡಬ್ಲ್ಯು ಅಂಕಿ ಇಳಿಯೋಕೆ ಮೂರು ತಿಂಗಳಾಯಿತು. ಕೆಂಪು ಕಣದ ಆಯಸ್ಸೇ ಸುಮಾರು 120 ದಿನ. ಹಳೆಯದು ಹೋಗಿ ಹೊಸದು ಬರಬೇಕಲ್ಲ.

ಕೊರತೆಯೂ ಹೇಳಬೇಕು. ಲಿಫ್ಟ್ ಇಲ್ಲದಿರುವುದು ವಯಸ್ಸಾದವರಿಗೆ ನಿಜಕ್ಕೂ ಕಷ್ಟ. ಕೆಳಗೆ ಕಾರು ನಿಲ್ಲಿಸೋಕೆ ಜಾಗ ಇಲ್ಲ. ಸಂಜೆ ಕೊಟ್ಟ ರಕ್ತದ ರಿಪೋರ್ಟ್ ವಾಟ್ಸಾಪಿಗೆ ಬರುವುದು ಮಾರನೇ ದಿನ. ಬೇಗ ಬೇಕಿದ್ದರೆ ಬೆಳಗ್ಗೆ ಏಳಕ್ಕೇ ಹೋಗಿ. ಕಳೆದ ಸಲ ಸಿಬಿಸಿಗೆ 300 ರೂಪಾಯಿ ಕೊಟ್ಟೆ, ಕೆಂಪು ಕಣದ ಸಾಲುಗಳೆಲ್ಲ ಇದ್ದ ಪೂರ್ತಿ ಹಾಳೆಗೆ. ಹಳೇ ರಿಪೋರ್ಟ್ ಇದ್ದರೆ ಮರೆಯದೆ ಒಯ್ಯಿರಿ, ಅವರು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಬರೀ ಸಿಬಿಸಿಗೆ ಹಸಿದುಕೊಂಡು ಹೋಗಬೇಕಾಗಿಲ್ಲ. ಅಮ್ಮ ಮಾತ್ರ ಕೇಳುವುದಿಲ್ಲ, ಈಗಲೂ ಖಾಲಿ ಹೊಟ್ಟೆಯಲ್ಲೇ ಬರುತ್ತಾರೆ. ರಕ್ತ ಕೊಟ್ಟ ಮೇಲೆ ಸೀದಾ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನಬೇಕು ಅವರಿಗೆ.